ಹಾಯಿ ಇಳಿಸು, ಹಗ್ಗ ಹಿಡಿ

ಪ್ರೀತಿಯ ಗೆಳೆಯ,

ಪನಾಮಾ ಕಾಲುವೆ ದಾಟುವ ಹಾಯಿದೋಣಿಯಲ್ಲಿ ಒಂದು ಜಾಗ ಸಿಕ್ಕಿದೆ, ಹೋಗಲೋ ಬೇಡವೋ ಎಂದು ಕೇಳಿದ್ದೀಯ. ಖಂಡಿತ ಹೋಗು. ಆದರೆ ಸುಮ್ನೆ ನೋಡಲು ಹೋಗಬೇಡ, ಹಗ್ಗ ಹಿಡಿಯುವ ಕೆಲಸ ಕೇಳಿ ತಗೋ. ಆ ಕಾಲುವೆ ಏನೆಂದು ನನಗೆ ತಿಳಿದದ್ದು ಕೈಗೆ ಹಗ್ಗ ಬಂದಮೇಲೆಯೇ.

ಅಲ್ಲಿ ಹಾಯಿ ಬಿಚ್ಚುವಂತಿಲ್ಲ. ಉದ್ದಕ್ಕೂ ಎಂಜಿನ್ ಮೇಲೇ ಸಾಗಬೇಕು. ಹಾಗಂತ ಕೈಕಟ್ಟಿ ಕೂರುವಂತೆಯೂ ಇಲ್ಲ. ಚುಕ್ಕಾಣಿ ಹಿಡಿದವನಲ್ಲದೆ ಹಗ್ಗಕ್ಕೆಂದೇ ನಾಲ್ಕು ಜನ ಇರಬೇಕು, ಅದು ಕಾಲುವೆಯ ನಿಯಮ. ಒಂದೊಂದು ಹಗ್ಗ ಸುಮಾರು 38 ಮೀಟರ್ ಉದ್ದ, ಹೆಬ್ಬೆರಳಷ್ಟು ದಪ್ಪ. ದೋಣಿಯ ಎರಡೂ ಬದಿಗೆ ಹಳೆ ಟೈರುಗಳಿಗೆ ಪ್ಲಾಸ್ಟಿಕ್ ಸುತ್ತಿ ಇಳಿಬಿಟ್ಟಿರುತ್ತಾರೆ. ಕಾಂಕ್ರೀಟ್ ಗೋಡೆಯ ಪಕ್ಕ ನಿಂತಾಗ ಅವೇ ಧೈರ್ಯ. ಕಾಲುವೆಯ ಕಡೆಯಿಂದ ಒಬ್ಬ ಸಲಹೆಗಾರ ದೋಣಿ ಹತ್ತುತ್ತಾನೆ. ಅವನು ಹೇಳಿದಂತೆ ನಡೆಯಬೇಕು. ಅವನಿಗೆ ಬಿಸಿ ಊಟ ಕೊಡುವುದೂ ದೋಣಿಯವರ ಹೊಣೆಯೇ.

ಕೆರಿಬಿಯನ್ ಕಡೆಯಿಂದ ಹೊರಟರೆ ಮೊದಲು ಸಿಗುವುದು ಗಾಟುನ್ ಲಾಕ್. ಲಾಕ್ ಅಂದರೆ ಎರಡೂ ತುದಿಗೆ ಗೇಟಿರುವ ಕಾಂಕ್ರೀಟ್ ತೊಟ್ಟಿ, ನೀರು ತುಂಬಿಸಿ ಇಲ್ಲವೇ ಖಾಲಿಮಾಡಿ ಹಡಗನ್ನು ಏರಿಸುತ್ತಾರೆ, ಇಳಿಸುತ್ತಾರೆ. ದೋಣಿಯನ್ನು ಅದರ ನಡುವೆ ಹಿಡಿದಿಡಲೆಂದೇ ಈ ಹಗ್ಗಗಳು. ಮೂರು ಮೆಟ್ಟಿಲು, ಒಟ್ಟು 26 ಮೀಟರ್ ಏರಿಕೆ. ದೊಡ್ಡ ಹಡಗು ಮುಂದೆ, ನೀವು ಅದರ ಹಿಂದೆ. ಗೋಡೆಯ ಮೇಲಿನ ಕೆಲಸಗಾರರು ತುದಿಗೆ ಗಂಟು ಹಾಕಿದ ತೆಳು ಹಗ್ಗವನ್ನು ನಿಮ್ಮತ್ತ ಬೀಸಿ ಎಸೆಯುತ್ತಾರೆ. ಆ ಗಂಟು ಬಲು ಗಟ್ಟಿ, ತಲೆ ಜೋಪಾನ. ಅದನ್ನು ಹಿಡಿದು ನಿನ್ನ ದಪ್ಪ ಹಗ್ಗದ ಕುಣಿಕೆಗೆ ಕಟ್ಟಬೇಕು. ಅವರು ಮೇಲಕ್ಕೆಳೆದು ಗೂಟಕ್ಕೆ ಹಾಕುತ್ತಾರೆ. ಹಿಂದೆ ಗೇಟು ಮುಚ್ಚುತ್ತದೆ. ಆಮೇಲೆ ತಳದ ತೂತುಗಳಿಂದ ನೀರು ನುಗ್ಗುತ್ತದೆ ನೋಡು, ಸುತ್ತಲೂ ಸುಳಿಯೋ ಸುಳಿ! ದೋಣಿ ಏರಿದ ಹಾಗೆ ಹಗ್ಗ ಸಡಿಲಾಗುತ್ತದೆ. ಅದನ್ನು ಒಂದೇ ಸಮನೆ ಎಳೆದುಕೊಳ್ಳುತ್ತಿರಬೇಕು. ನಾಲ್ವರಲ್ಲಿ ಒಬ್ಬ ಮೈಮರೆತರೂ ದೋಣಿ ಓರೆಯಾಗಿ ಗೋಡೆಯತ್ತ ಸರಿಯುತ್ತದೆ. ಮುಂದಿನ ಗೇಟು ತೆರೆಯಿತು ಅಂತ ಕೈ ಸಡಿಲ ಬಿಡಬೇಡ. ಮುಂದಿರುವ ಹಡಗು ಪ್ರೊಪೆಲ್ಲರ್ ತಿರುಗಿಸಿ ಹೊರಟಾಗ ನೀರಿನ ಹೊಡೆತ ಇನ್ನೂ ಜಾಸ್ತಿ.

ಇಷ್ಟು ನೀರು ಏರಿಸಲು ಅಲ್ಲಿ ಒಂದು ಪಂಪೂ ಇಲ್ಲ, ಗೊತ್ತಾ? ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಗಾಟುನ್ ಸರೋವರ ಮೇಲಿದೆ. ಅದರ ನೀರು ತಾನಾಗಿ ಇಳಿದುಬರುತ್ತದೆ. ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲು. ಪನಾಮಾ ಸಿಟಿಯ ಜನ ಕುಡಿಯುವ ನೀರಿನಲ್ಲೂ ಒಂದು ಪಾಲು ಈ ಸರೋವರದ್ದೇ. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ಬಿಡುವ ಹಡಗುಗಳನ್ನೇ ಕಡಿಮೆ ಮಾಡಬೇಕಾಯಿತು. ಹಗ್ಗ ಎಳೆಯುತ್ತಾ ನಿಂತಾಗ ನನ್ನ ತಲೆಯಲ್ಲಿದ್ದದ್ದು ಅದೊಂದೇ: ನಮ್ಮನ್ನೂ ಆ ಹಡಗನ್ನೂ ಒಟ್ಟಿಗೆ ಎತ್ತುತ್ತಿರುವುದು ಎಲ್ಲೋ ಕಾಡಿನಲ್ಲಿ ಬಿದ್ದ ಮಳೆ.

ರಾತ್ರಿ ಸಾಮಾನ್ಯವಾಗಿ ಸರೋವರದಲ್ಲೇ ತಂಗುವುದು. ಸೆಖೆ ಎಷ್ಟೇ ಇದ್ದರೂ ನೀರಿಗಿಳಿಯಬೇಡ, ಮೊಸಳೆಗಳಿವೆ.

ಮರುದಿನ ಕುಲೆಬ್ರಾ ಕಟ್ ಬರುತ್ತದೆ. ಗುಡ್ಡವನ್ನೇ ಸೀಳಿ ತೆಗೆದ ದಾರಿ, ಸುಮಾರು 13 ಕಿಲೋಮೀಟರ್. ಅಲ್ಲಿ ಎರಡೂ ಕಡೆಯ ಬಂಡೆಯ ಮೆಟ್ಟಿಲುಗಳನ್ನು ಗಮನವಿಟ್ಟು ನೋಡು. ಈ ಕಾಲುವೆಯ ಕೆಲಸದಲ್ಲಿ, ಮೊದಲು ಅಗೆಯಲು ಹೋಗಿ ಕೈಬಿಟ್ಟ ಫ್ರೆಂಚರ ಕಾಲಕ್ಕೆ 20,000ಕ್ಕೂ ಹೆಚ್ಚು ಜನ ಸತ್ತಿರಬೇಕು ಎಂಬ ಅಂದಾಜಿದೆ. ಆಮೇಲೆ ಕೆಲಸ ಮುಗಿಸಿದ ಅಮೆರಿಕನ್ನರ ಕಾಲದ ದಾಖಲೆಯಲ್ಲೇ 5,600ಕ್ಕೂ ಹೆಚ್ಚು ಸಾವುಗಳಿವೆ. ಅವರಲ್ಲಿ ಬಹುಪಾಲು ಜನ ಬಾರ್ಬಡೋಸ್‌ನಂಥ ದ್ವೀಪಗಳಿಂದ ಕೂಲಿಗೆ ಬಂದವರು. ಕಾಯಿಲೆ, ಸಿಡಿಮದ್ದು, ಕುಸಿದ ಮಣ್ಣು. 1914ರಲ್ಲಿ ಕಾಲುವೆ ತೆರೆಯಿತು ಎಂದು ಒಂದೇ ಸಾಲಿನಲ್ಲಿ ಓದಿಬಿಡುತ್ತೇವೆ, ಅಲ್ವಾ? ಅಲ್ಲಿ ಹೋದಮೇಲೆ ನನಗೆ ಹಾಗೆ ಓದಲು ಆಗುತ್ತಿಲ್ಲ.

ಪೆದ್ರೊ ಮಿಗುಯೆಲ್, ಮಿರಾಫ್ಲೋರೆಸ್ ಲಾಕ್‌ಗಳಲ್ಲಿ ಇಳಿಯುವುದು ಅಷ್ಟು ಕಷ್ಟವಿಲ್ಲ. ಈಗ ನೀವು ಮುಂದೆ, ಹಡಗು ಬೆನ್ನ ಹಿಂದೆ. ಹಗ್ಗವನ್ನು ಹದವಾಗಿ ಬಿಡುತ್ತಾ ಹೋದರಾಯಿತು. ಕೊನೆಯ ಗೇಟು ತೆರೆದರೆ ಪೆಸಿಫಿಕ್ ಕಡೆಯ ನೀರು.

ಗಟ್ಟಿ ಕೈಗವಸು ತಗೊಂಡು ಹೋಗು. ಹಗ್ಗದ ಸುರುಳಿಯೊಳಗೆ ಯಾವ ಕಾರಣಕ್ಕೂ ಕಾಲಿಡಬೇಡ. ಇನ್ನೊಂದು ಮಾತು, ಮಿರಾಫ್ಲೋರೆಸ್‌ನಲ್ಲಿ ಕಾಲುವೆಯವರದೇ ಕ್ಯಾಮೆರಾ ಇದೆ, ಇಂಟರ್‌ನೆಟ್‌ನಲ್ಲಿ ನೇರವಾಗಿ ಕಾಣುತ್ತದೆ. ತಾರೀಖು ಗೊತ್ತಾದ ಕೂಡಲೇ ಬರೆ. ದೋಣಿಯ ಯಾವ ಮೂಲೆಯ ಹಗ್ಗ ನಿನ್ನದು ಅನ್ನುವುದನ್ನೂ ತಿಳಿಸು, ನೋಡುತ್ತಾ ಕೂತಿರುತ್ತೇನೆ.

ನಿನ್ನ ಗೆಳೆಯ