ಮನೆಗೆ ಯಾವ ಪಿನ್‌ಬಾಲ್ ಮೆಷಿನ್ ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಗಾಜಿನ ಕೆಳಗೆ ಇಳಿಜಾರು ಹಲಗೆಯ ಮೇಲೆ ಚೆಂಡು ಹೊಡೆದು ಆಡುವ ಈ ಪಿನ್‌ಬಾಲ್ ಮೆಷಿನ್‌ಗಳಲ್ಲಿ ಮನೆಗೆ ಯಾವುದು ಒಳ್ಳೆಯದು ಅಂತ ಕೇಳಿದ್ದೀಯ. ಸುತ್ತಿ ಬಳಸಿ ಹೇಳಬೇಡ, ಒಂದರಿಂದ ಐದರವರೆಗೆ ನಂಬರ್ ಹಾಕಿ ಕಳಿಸು ಅಂದಿದ್ದೀಯಲ್ಲ, ಹಾಕಿಯೇ ಬಿಡುತ್ತೇನೆ. ಗಾಡ್ಜಿಲ್ಲಾ, ಐರನ್ ಮೇಡನ್, ಮಿಡೀವಲ್ ಮ್ಯಾಡ್ನೆಸ್, ಡೆಡ್‌ಪೂಲ್, ವಿಜರ್ಡ್ ಆಫ್ ಆಜ್. ನೀನು ಫೋಟೋ ನೋಡಿ ಮನಸ್ಸು ಕೊಟ್ಟ ಮೆಷಿನ್ ಕೊನೆಗೆ ಬಂತು ಅಂತ ಬೇಜಾರು ಮಾಡಬೇಡ ಮಾರಾಯ. ಯಾಕೆ ಅಂತ ಹೇಳುತ್ತೇನೆ.

ನೆಟ್ಟಲ್ಲಿ ಸಿಗುವ ಪಟ್ಟಿಗಳನ್ನು ಓದು, ಆದರೆ ಅದನ್ನೇ ನಂಬಿ ದುಡ್ಡು ಹಾಕಬೇಡ. ಹೊರಗೆ ಎಲ್ಲೋ ಆಡುವಾಗ ನಾಲ್ಕು ಆಟಕ್ಕೆ ಖುಷಿ ಕೊಟ್ಟರೆ ಸಾಕು. ಮನೆಯಲ್ಲಿ ಹಾಗಲ್ಲ. ಅದೇ ಮೆಷಿನ್, ಅದೇ ನಾಲ್ಕೈದು ಜನ, ನಾಣ್ಯ ಹಾಕುವ ಲೆಕ್ಕವೂ ಇಲ್ಲ. ವರ್ಷ ಕಳೆದ ಮೇಲೂ ಚೆಂಡು ಕೆಳಗೆ ಹೋದ ಕೂಡಲೇ ಕೈ ತಾನಾಗಿ ಸ್ಟಾರ್ಟ್ ಬಟನ್ನಿಗೆ ಹೋಗುತ್ತದಾ? ನನ್ನ ಮಟ್ಟಿಗೆ ಅಳತೆ ಅದೊಂದೇ. ಅಣ್ಣ ಶಿಕಾಗೋ ಬಿಟ್ಟು ಬದಿಯಡ್ಕಕ್ಕೆ ಬರುವಾಗ ಈ ಐದನ್ನೂ ಕಂಟೇನರಿನಲ್ಲಿ ತಂದ. ಮೊದಲು ಅಡಿಕೆ ತುಂಬಿಡುತ್ತಿದ್ದ ಕೋಣೆಯಲ್ಲಿ ಈಗ ಸಾಲಾಗಿ ನಿಂತಿವೆ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಅಂತ ಪಿನ್‌ಬಾಲ್ ಮಾಡಿದ ದೊಡ್ಡ ಕಂಪನಿಗಳೆಲ್ಲ ಹುಟ್ಟಿದ್ದು ಶಿಕಾಗೋದಲ್ಲೇ ಅಲ್ವಾ, ಅಲ್ಲಿದ್ದವನಿಗೆ ಈ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯ ಇಲ್ಲ. ಅಣ್ಣನಿಗಿಂತ ಜಾಸ್ತಿ ಆಡುವವನು ನಾನು, ಗಾಜು ತೆಗೆದು ಒರೆಸುವವನೂ ನಾನೇ.

ಗಾಡ್ಜಿಲ್ಲಾ 2021ರಲ್ಲಿ ಸ್ಟರ್ನ್ ಕಂಪನಿಯಿಂದ ಬಂದದ್ದು, ಡಿಸೈನ್ ಕೀತ್ ಎಲ್ವಿನ್ ಅವರದ್ದು. ಡಿಸೈನರ್ ಆಗುವ ಮೊದಲೇ ದೊಡ್ಡ ದೊಡ್ಡ ಟೂರ್ನಮೆಂಟ್ ಗೆದ್ದ ಆಟಗಾರ ಅವರು, ಅದು ಚೆಂಡು ಓಡುವ ರೀತಿಯಲ್ಲೇ ಗೊತ್ತಾಗುತ್ತದೆ. ರ‍್ಯಾಂಪ್ ಹತ್ತಿದ ಚೆಂಡು ಇಳಿದು ಬರುವಾಗ ಮುಂದಿನ ಹೊಡೆತಕ್ಕೆ ಬೇಕಾದ ಫ್ಲಿಪ್ಪರಿನ (ಬಟನ್ ಒತ್ತಿದರೆ ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ಕೈ) ಹತ್ತಿರವೇ ಬರುತ್ತದೆ, ನೀನು ಹಿಡಿದು ನಿಲ್ಲಿಸದೆ ಹಾಗೇ ಹೊಡೆಯಬಹುದು, ಮತ್ತೊಂದು, ಮತ್ತೊಂದು ಅಂತ ನಾಲ್ಕೈದು ಹೊಡೆತ ಒಂದೇ ಉಸಿರಿನಲ್ಲಿ ಆಗಿಬಿಡುತ್ತದೆ. ನಮ್ಮದು ಪ್ರೀಮಿಯಂ, ಅಂದರೆ ಪ್ರೋ ಅನ್ನುವ ಸಾದಾ ಮಾದರಿಗಿಂತ ಮೇಲಿನದ್ದು. ಅದರಲ್ಲಿ ಅಂತಸ್ತು ಅಂತಸ್ತಾಗಿ ಒಂದು ಕಟ್ಟಡ ಇದೆ. ಚೆಂಡುಗಳು ಅದರೊಳಗೆ ಹೋಗಿ ಕೂರುತ್ತವೆ. ಮಲ್ಟಿಬಾಲ್, ಅಂದರೆ ಒಟ್ಟಿಗೆ ಹಲವು ಚೆಂಡಿನ ಆಟ, ಶುರುವಾಗುವಾಗ ಅಂತಸ್ತುಗಳು ಧಡಧಡ ಅಂತ ಕುಸಿದು ಚೆಂಡುಗಳೆಲ್ಲ ನಿನ್ನ ಕಡೆ ನುಗ್ಗುತ್ತವೆ. ಅಕ್ಕನ ಮಕ್ಕಳಿಗೆ ಅಷ್ಟೇ ಸಾಕು, ಕಟ್ಟಡ ಬೀಳಿಸುವುದೇ ಆಟ. ನನಗೆ ಬೇಕಾದದ್ದೂ ಅದೇ ಮೆಷಿನ್‌ನಲ್ಲಿ ಇದೆ. ಮೊದಲು ಎಬಿರಾ ಅನ್ನುವ ರಾಕ್ಷಸ ಪ್ರಾಣಿಯ ಜೊತೆ ಕಾದಾಡಬೇಕಾ ಗೈಗನ್ ಜೊತೆಯಾ, ಗಾಡ್ಜಿಲ್ಲಾದ ಕಡೆಯ ಮೊಥ್ರಾ ಅಥವಾ ರೋಡಾನ್ ಸಹಾಯ ಯಾವಾಗ ತೆಗೆದುಕೊಳ್ಳಬೇಕು, ಮಲ್ಟಿಬಾಲನ್ನು ಈಗಲೇ ಶುರು ಮಾಡಬೇಕಾ ಕಾದಾಟದ ನಡುವೆಯಾ ಅಂತ ಪ್ರತಿ ಆಟದಲ್ಲೂ ಯೋಚನೆ ಮಾಡಬೇಕಾಗುತ್ತದೆ. ಏನೂ ಗೊತ್ತಿಲ್ಲದ ನೆಂಟನಿಗೂ ಎಲ್ಲ ಗೊತ್ತಿರುವ ಮನೆಯವನಿಗೂ ಒಟ್ಟಿಗೆ ಹಿಡಿಸುವ ಬೇರೆ ಮೆಷಿನ್ ನಾನು ಆಡಿಲ್ಲ.

ಐರನ್ ಮೇಡನ್ ಕೂಡ ಎಲ್ವಿನ್ ಅವರದ್ದೇ, 2018ರದ್ದು, ಸ್ಟರ್ನ್‌ಗೆ ಅವರು ಮಾಡಿದ ಮೊದಲ ಮೆಷಿನ್. ಆ ಹೆಸರಿನ ರಾಕ್ ಬ್ಯಾಂಡಿನ ಹಾಡು ನಿನಗೆ ಇಷ್ಟ ಇಲ್ಲದಿದ್ದರೂ ಪರವಾಗಿಲ್ಲ, ಅದರ ವೇಗ ನೋಡಬೇಕು. ಇದರಲ್ಲಿ ಗಾಡ್ಜಿಲ್ಲಾದಷ್ಟು ಬೊಂಬೆ, ಕಟ್ಟಡ ಯಾವುದೂ ಇಲ್ಲ, ಬರೀ ಹೊಡೆತ. ಚೆನ್ನಾಗಿ ಆಡಿದ ದಿನ ಕೈ ನಡುಗುತ್ತದೆ. ಒಬ್ಬನೇ ಆಡುವುದಾದರೆ ಇದನ್ನೇ ಮೊದಲು ಹಾಕುತ್ತಿದ್ದೆ. ಆದರೆ ಹೊಸಬರು ಬಂದರೆ ಅರ್ಧ ನಿಮಿಷದಲ್ಲಿ ಚೆಂಡು ಕಳೆದುಕೊಂಡು ಪಕ್ಕದ ಮೆಷಿನ್‌ಗೆ ಹೋಗುತ್ತಾರೆ.

ಆ ಪಕ್ಕದ ಮೆಷಿನ್ ಮಿಡೀವಲ್ ಮ್ಯಾಡ್ನೆಸ್. ಮೂಲ ಮೆಷಿನ್ 1997ರಲ್ಲಿ ವಿಲಿಯಮ್ಸ್‌ನಿಂದ ಬಂತು, ಡಿಸೈನ್ ಬ್ರಯನ್ ಎಡ್ಡಿ, ಸಾಫ್ಟ್‌ವೇರ್ ಲೈಮನ್ ಶೀಟ್ಸ್. ನಮ್ಮಲ್ಲಿರುವುದು ಶಿಕಾಗೋ ಗೇಮಿಂಗ್ ಕಂಪನಿ 2015ರಲ್ಲಿ ಹೊಸದಾಗಿ ಮಾಡಿದ್ದು. ಎರಡೇ ಫ್ಲಿಪ್ಪರ್. ನಡುವಿನಲ್ಲಿ ಕೋಟೆ, ಮುಂದೆ ಎತ್ತಿ ನಿಲ್ಲಿಸಿದ ಸೇತುವೆ. ಹೊಡೆ, ಹೊಡೆ, ಸೇತುವೆ ಇಳಿಯುತ್ತದೆ. ಮತ್ತೆ ಹೊಡೆ, ಬಾಗಿಲು ಮೇಲೇಳುತ್ತದೆ. ಒಳಗೆ ಚೆಂಡು ಹೋದರೆ ಬುರುಜುಗಳು ಅಲುಗಾಡಿ ಕೋಟೆ ಕುಸಿಯುತ್ತದೆ. ಏನು ಮಾಡಬೇಕು ಅಂತ ಅಮ್ಮನಿಗೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಯಕ್ಷಗಾನದ ಹಾಗೆ, ಪ್ರಸಂಗ ಎಲ್ಲರಿಗೂ ಗೊತ್ತಿದ್ದರೂ ಬಣ್ಣದ ವೇಷ ಬರುವಾಗ ಎದ್ದು ಕೂರುತ್ತೇವಲ್ಲ. ಮೂರನೇ ಜಾಗ ಯಾಕೆ ಅಂದರೆ ಒಂದಾದ ಮೇಲೊಂದು ಕೋಟೆ ಬೀಳಿಸಿ ಲೆಕ್ಕ ಮುಗಿಸುವುದು ಒಮ್ಮೆ ಕೈಗೆ ಹತ್ತಿದ ಮೇಲೆ ಹೊಸದಾಗಿ ಯೋಚಿಸುವುದು ಕಡಿಮೆ. ಮನೆಗೆ ಜನ ಬರುವುದು ಜಾಸ್ತಿ ಇದ್ದರೆ ಇದನ್ನು ಒಂದನೇದು ಅಂತಲೇ ಇಟ್ಟುಕೋ, ನಾನು ಜಗಳ ಮಾಡುವುದಿಲ್ಲ.

ಡೆಡ್‌ಪೂಲ್ 2018ರದ್ದು, ಜಾರ್ಜ್ ಗೋಮೆಜ್ ಡಿಸೈನ್. ಕತ್ತಿಯ ಮೇಲೆ ಚೆಂಡು ಜಾರಿಕೊಂಡು ಬರುವ ರ‍್ಯಾಂಪ್ ನೋಡಲು ಚಂದ, ಹೊಡೆತಗಳೂ ಸಲೀಸು. ತುಂಬಾ ಮಾತಾಡುವ ಮೆಷಿನ್. ಕಲಿಯುವವರಿಗೆ ಒಳ್ಳೆಯದು.

ಇನ್ನು ನಿನ್ನ ವಿಜರ್ಡ್ ಆಫ್ ಆಜ್. 2013ರಲ್ಲಿ ಜರ್ಸಿ ಜ್ಯಾಕ್ ಕಂಪನಿ ತಂದ ಮೊದಲ ಮೆಷಿನ್. ಪಿನ್‌ಬಾಲ್ ಮಾಡುವ ದೊಡ್ಡ ಕಂಪನಿ ಅಂತ ಸ್ಟರ್ನ್ ಒಂದೇ ಉಳಿದಿದ್ದ ಕಾಲದಲ್ಲಿ ಹಿಂದಿನ ಪೆಟ್ಟಿಗೆಗೆ ದೊಡ್ಡ ಎಲ್‌ಸಿಡಿ ಹಾಕಿ ಬಂತು, ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಆ ಗೌರವ ಅದಕ್ಕೆ ಸಲ್ಲಬೇಕು. ಅಗಲದ ಪ್ಲೇಫೀಲ್ಡ್ (ಚೆಂಡು ಓಡುವ ಹಲಗೆ), ಮೇಲೆ ಎರಡು ಪುಟ್ಟ ಪ್ಲೇಫೀಲ್ಡ್, ತಿರುಗುವ ಮನೆ, ದೀಪಗಳಂತೂ ಕೋಣೆ ಕತ್ತಲು ಮಾಡಿದರೆ ಕಣ್ಣು ತುಂಬುತ್ತದೆ. ಐದರಲ್ಲಿ ಅತಿ ಸುಂದರ ಇದೇ. ಆದರೆ ಆಟ ನಿಧಾನ, ಒಂದೊಂದು ಆಟ ಉದ್ದ, ಚೆಂಡು ಹೋದಾಗ ತಕ್ಷಣ ಇನ್ನೊಮ್ಮೆ ಅನ್ನಿಸುವುದಿಲ್ಲ. ಹೋಗಿ ನೀರು ಕುಡಿದು ಬರೋಣ ಅನ್ನಿಸುತ್ತದೆ. ನೋಡುವುದಕ್ಕೆ ಮೊದಲನೆಯದು, ಆಡುವುದಕ್ಕೆ ಐದನೆಯದು.

ನಿನ್ನ ಅಪ್ಪ ಇದು ಜೂಜಿನ ಮೆಷಿನ್ ಅಂದರು ಅಂತ ಬರೆದಿದ್ದೀಯ. ಅವರ ಮಾತಿಗೂ ಹಿನ್ನೆಲೆ ಇದೆ. ಫ್ಲಿಪ್ಪರ್ ಬಂದದ್ದೇ 1947ರಲ್ಲಿ, ಅದಕ್ಕೂ ಮುಂಚೆ ಚೆಂಡು ಬಿಟ್ಟು ಅದೃಷ್ಟ ನೋಡುವುದಷ್ಟೇ. ನ್ಯೂಯಾರ್ಕ್ ನಗರದಲ್ಲಿ 1942ರಿಂದ 1976ರವರೆಗೆ ಪಿನ್‌ಬಾಲಿಗೆ ನಿಷೇಧ ಇತ್ತು. ಕೊನೆಗೆ ರಾಜರ್ ಶಾರ್ಪ್ ಅನ್ನುವ ಬರಹಗಾರರು ನಗರಸಭೆಯವರ ಎದುರೇ ಆಡಿ, ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಹೇಳಿ ಹಾಗೇ ಕಳಿಸಿ ತೋರಿಸಿದರು. ಅಪ್ಪನಿಗೆ ಇದನ್ನು ಹೇಳು.

ಈಗ ಮುಖ್ಯ ವಿಷಯ, ನಮ್ಮ ಊರಿನ ಹವೆ. ಅಮೆರಿಕದಲ್ಲಿ ರ‍್ಯಾಂಕ್ ಹಾಕುವವರಿಗೆ ಇದರ ಚಿಂತೆ ಇಲ್ಲ. ಪಿನ್‌ಬಾಲ್ ಚೆಂಡು ಸ್ಟೀಲಿನದ್ದು, ಸುಮಾರು 80 ಗ್ರಾಂ. ಆಟಿಯ ಮಳೆಯಲ್ಲಿ ನಾಲ್ಕು ದಿನ ಆಡದೆ ಬಿಟ್ಟರೆ ಅದರ ಮೇಲೆ ಸೂಜಿಮೊನೆಯಷ್ಟು ತುಕ್ಕಿನ ಚುಕ್ಕೆ ಬರುತ್ತದೆ. ಬೆಳಕಿಗೆ ಹಿಡಿದು ಉಗುರು ಎಳೆದರೆ ತಡೆಯುತ್ತದೆ. ಆ ಚುಕ್ಕೆ ಪ್ಲೇಫೀಲ್ಡಿನ ಮೇಲಿನ ಪಾಲಿಶನ್ನು ಮರಳು ಕಾಗದದಂತೆ ತಿನ್ನುತ್ತದೆ, ಹಾಗಾಗಿ ಚುಕ್ಕೆ ಕಂಡ ಚೆಂಡನ್ನು ಮತ್ತೆ ಹಾಕುವುದೇ ಇಲ್ಲ, ಬದಲಿ ಚೆಂಡು ಡಬ್ಬದಲ್ಲಿ ಇಟ್ಟಿರುತ್ತೇನೆ. ಪ್ಲೇಫೀಲ್ಡ್ ಮತ್ತು ಪೆಟ್ಟಿಗೆ ಪ್ಲೈವುಡ್, ಆದ್ದರಿಂದ ಗೆದ್ದಲಿನ ಭಯವೂ ಇದೆ. ಗೋಡೆಗೆ ತಾಗಿಸದೆ ನಿಲ್ಲಿಸು, ಕಾಲುಗಳ ಬುಡ ಆಗಾಗ ನೋಡು, ತೇವ ಎಳೆಯುವ ಡಿಹ್ಯುಮಿಡಿಫೈಯರ್ ಒಂದು ಬೇಕೇ ಬೇಕು. ಅಮೆರಿಕದಿಂದ ಬಂದ ಮೆಷಿನ್ ಆದರೆ 120 ವೋಲ್ಟಿನದ್ದು, ಇಲ್ಲಿ 230, ಒಳ್ಳೆಯ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಮತ್ತು ಸರಿಯಾದ ಅರ್ತಿಂಗ್ ಇಲ್ಲದೆ ಪ್ಲಗ್ ಹಾಕಲೇಬೇಡ. ನೆಲವೂ ನೋಡಬೇಕು. ಪ್ಲೇಫೀಲ್ಡಿನ ಇಳಿಜಾರು ಆರೂವರೆ ಡಿಗ್ರಿಯ ಆಸುಪಾಸು ಇರಬೇಕು, ಎಡಬಲ ಸ್ವಲ್ಪವೂ ವಾಲಬಾರದು. ಹಳೆ ಮನೆಯ ಕಾವಿ ನೆಲ ಎಲ್ಲಿ ಸಮ ಇರುತ್ತದೆ ಹೇಳು? ಕಾಲಿನ ಬೋಲ್ಟ್ ತಿರುಗಿಸಿ ತಿರುಗಿಸಿ ಸರಿ ಮಾಡಬೇಕು. ಇಷ್ಟು ಮಾಡದಿದ್ದರೆ ಯಾವ ಮೆಷಿನ್ ತಂದರೂ ಕೊನೆಯ ರ‍್ಯಾಂಕೇ.

ದುಡ್ಡಿನ ವಿಷಯ. ಎರಡು ಮೆಷಿನ್‌ಗೆ ಆಸೆ ಪಡುವ ಬದಲು ಒಂದೇ ಒಳ್ಳೆಯದನ್ನು ತೆಗೆದುಕೋ. ಗಾಡ್ಜಿಲ್ಲಾ ಆದರೆ ಪ್ರೀಮಿಯಂ, ಆ ಕಟ್ಟಡಕ್ಕಾಗಿ. ಐರನ್ ಮೇಡನ್ ಆದರೆ ಪ್ರೋ ಸಾಕು, ಆಟದ ವೇಗ ಅದರಲ್ಲೂ ಅಷ್ಟೇ ಇದೆ.

ಅಡ್ವಾನ್ಸ್ ಕೊಡುವ ಮೊದಲು ಇಲ್ಲಿಗೆ ಬಂದು ಐದನ್ನೂ ಆಡಿ ನೋಡು, ಅಪ್ಪನನ್ನೂ ಕರೆದುಕೊಂಡು ಬಾ. ಅವರನ್ನು ಕೋಟೆಯ ಮುಂದೆ ನಿಲ್ಲಿಸುತ್ತೇನೆ, ನೀನು ಗಾಡ್ಜಿಲ್ಲಾ ಮತ್ತು ವಿಜರ್ಡ್ ಎರಡನ್ನೂ ಒಂದಾದ ಮೇಲೊಂದು ಆಡು. ಬೆಳಿಗ್ಗೆಯೇ ಬಾ ಆಯ್ತಾ, ತುಲಾ ತಿಂಗಳು ಇದು, ಸಂಜೆ ಗುಡುಗು ಶುರುವಾದರೆ ಎಲ್ಲದರ ಪ್ಲಗ್ ತೆಗೆಯಬೇಕಾಗುತ್ತದೆ.

ನಿನ್ನ ಗೆಳೆಯ