ವರಂಗದ ಕೆರೆದಂಡೆಯ ಗಿಡಗಳಿಗೆ ಮೂರು ಬೇಸಿಗೆಯ ನೀರು: ಒಂದು ದೇಣಿಗೆ ಮನವಿ

ಮಾನ್ಯ ಬಂಧುಗಳೇ,

ವರಂಗದ ಕೆರೆಬಸದಿಗೆ ದೋಣಿಯಲ್ಲಿ ಹೋಗಿ ಬಂದವರಿಗೆ ಆ ಸ್ಥಳವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಇನ್ನೂ ನೋಡದವರಿಗಾಗಿ ಎರಡು ಮಾತು. ಉಡುಪಿ ಜಿಲ್ಲೆಯಲ್ಲಿ, ಕಾರ್ಕಳದಿಂದ ಹೆಬ್ರಿಯ ಕಡೆಗೆ ಬರುವಾಗ, ಮುನಿಯಾಲಿನ ಸಮೀಪ ನಮ್ಮ ಊರು. ಹಿಂದೆ ಪಶ್ಚಿಮ ಘಟ್ಟದ ಸಾಲು, ಮುಂದೆ ಗದ್ದೆ, ನಡುವೆ ಕೆರೆ, ಕೆರೆಯ ನಡುವೆ ಬಸದಿ. ನಾಲ್ಕು ದಿಕ್ಕಿಗೂ ಮುಖ ಮಾಡಿದ ಆ ಚತುರ್ಮುಖ ಬಸದಿಯಲ್ಲಿ ಜೈನ ತೀರ್ಥಂಕರರಾದ ನೇಮಿನಾಥ, ಪಾರ್ಶ್ವನಾಥ, ಶಾಂತಿನಾಥ, ಅನಂತನಾಥ ಸ್ವಾಮಿಗಳಿದ್ದಾರೆ. ಪದ್ಮಾವತಿ ಅಮ್ಮನವರಿಗೆ ಹರಕೆ ಹೊತ್ತು ದೂರದೂರಿನಿಂದ ಜನ ಬರುತ್ತಾರೆ. ದೋಣಿಯಿಲ್ಲದೆ ಅಲ್ಲಿಗೆ ದಾರಿಯಿಲ್ಲ. ಬೇರೆ ಕ್ಷೇತ್ರಗಳಿಗೆ ಕಲ್ಲಿನ ಪ್ರಾಕಾರವಿರುತ್ತದೆ. ಇಲ್ಲಿ ನೀರೇ ಪ್ರಾಕಾರ.

ಆ ನೀರನ್ನು ಹಿಡಿದು ನಿಲ್ಲಿಸಿರುವುದು ದಂಡೆ. ನಾವು ಕೇಳುತ್ತಿರುವುದು ಆ ದಂಡೆಗಾಗಿ. ಬಸದಿಯ ಪೂಜೆ, ಜೀರ್ಣೋದ್ಧಾರ ಯಾವುದೂ ನಮ್ಮ ಕೆಲಸವಲ್ಲ. ಈ ಕ್ಷೇತ್ರ ಹೊಂಬುಜ ಜೈನ ಮಠಕ್ಕೆ ಸೇರಿದ್ದು, ಅವೆಲ್ಲ ಮಠದ ಹಿರಿಯರ ಮಾರ್ಗದರ್ಶನದಲ್ಲಿ ನಡೆಯತಕ್ಕವು. ನಾವು ಊರಿನ ಒಂದಿಷ್ಟು ಮಂದಿ, ಬೇರೆ ಬೇರೆ ಜಾತಿ ಮತದವರು, ದಂಡೆಯ ಮೇಲೆ ಊರಿನದೇ ಮರಗಳ ಸಣ್ಣದೊಂದು ವನ ಬೆಳೆಸಬೇಕೆಂದು ಹೊರಟವರು.

ನಮ್ಮಲ್ಲಿ ಮಳೆಗೇನೂ ಬರವಿಲ್ಲ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದೇ ಮೋಡಗಳು ನಮ್ಮನ್ನು ದಾಟಿಯೇ ಮೇಲೆ ಹತ್ತುತ್ತವೆ. ಬೇರಿನ ಹಿಡಿತವಿಲ್ಲದ ಮಣ್ಣು ಆ ಮಳೆಗೆ ಕರಗಿ ಕೆರೆಗೆ ಇಳಿಯುತ್ತದೆ, ಹೂಳಾಗಿ ಕೂರುತ್ತದೆ. ದೀಪಾವಳಿ ಕಳೆದ ಮೇಲೆ ಇದೇ ಊರಿನಲ್ಲಿ ಮುರಕಲ್ಲಿನ ನೆಲ ಒಣಗಿ ಹಾರೆಯ ಪೆಟ್ಟಿಗೂ ಜಗ್ಗದಷ್ಟು ಗಟ್ಟಿಯಾಗುತ್ತದೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ನೆಟ್ಟ ಗಿಡ ಸಾಯುವುದು ಮಾರ್ಚ್, ಏಪ್ರಿಲ್‌ನಲ್ಲಿ.

ಇದು ನಾವು ಸ್ವಂತ ಅನುಭವದಿಂದ ಕಲಿತದ್ದು. ಮೊದಲ ವರ್ಷ ಉತ್ಸಾಹದಿಂದ ಗಿಡ ನೆಟ್ಟೆವು, ಫೋಟೊ ತೆಗೆಸಿಕೊಂಡೆವು, ಮನೆಗೆ ಹೋದೆವು. ಮರುವರ್ಷದ ಮೊದಲ ಮಳೆಗೆ ಬಂದು ನೋಡಿದಾಗ ದೋಣಿ ಕಟ್ಟುವ ಜಾಗದ ಬಳಿ ಒಂದೇ ಒಂದು ರೆಂಜೆ (ಬಕುಳ) ಗಿಡ ಉಳಿದಿತ್ತು. ಮೊಣಕಾಲೆತ್ತರ, ದನ ಕಡಿದ ತುದಿ, ಪಕ್ಕದಲ್ಲಿ ಹೊಸದಾಗಿ ಒಡೆದ ಎರಡು ಎಲೆ. ಬುಡದಲ್ಲಿ ಬೆಳ್ಳಗೆ ಒಣಗಿದ ಕಲೆ ಕಂಡು ಏನೆಂದು ಯೋಚಿಸಿದೆವು. ಹತ್ತಿರದ ಮನೆಯ ಅಜ್ಜಿಯೊಬ್ಬರು ಬೇಸಿಗೆಯುದ್ದಕ್ಕೂ ಅಕ್ಕಿ ತೊಳೆದ ನೀರನ್ನು ತಂದು ಹೊಯ್ಯುತ್ತಿದ್ದರಂತೆ. "ನೆಟ್ಟದ್ದು ನೀವು, ಅದು ನೀರು ಕೇಳುವುದು ಮಾತ್ರ ನನ್ನ ಹತ್ತಿರ" ಎಂದರು. ಅವರ ಮುಂದೆ ನಮಗೆ ತಲೆ ಎತ್ತಲಾಗಲಿಲ್ಲ.

ವಿಜಯನಗರದ ಇಮ್ಮಡಿ ದೇವರಾಯ 1424ರಲ್ಲಿ ವರಂಗ ಗ್ರಾಮವನ್ನೇ ಇಲ್ಲಿಯ ನೇಮಿನಾಥ ಬಸದಿಗೆ ದತ್ತಿ ಬಿಟ್ಟ. ಆ ಕಾಲದ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಶ್ಲೋಕವೊಂದಿದೆ: ದಾನ ಮತ್ತು ಪಾಲನೆ ಎರಡರಲ್ಲಿ ಪಾಲನೆಯೇ ಮೇಲು, ದಾನದಿಂದ ಸ್ವರ್ಗ, ಪಾಲನೆಯಿಂದ ಅಚ್ಯುತ ಪದ, ಅಂದರೆ ಎಂದೂ ಜಾರದ ಪದವಿ. ಕೊಟ್ಟದ್ದನ್ನು ಮುಂದಿನವರು ಕಾಯದೆ ಬಿಟ್ಟಾರು ಎಂಬ ಅಂಜಿಕೆ ಆ ದೊರೆಗಳಿಗೂ ಇತ್ತು. ಆದ್ದರಿಂದ ಗಿಡ ನೆಡುವ ಸಮಾರಂಭಕ್ಕಾಗಿ ನಾವು ಒಂದು ರೂಪಾಯಿಯನ್ನೂ ಕೇಳುತ್ತಿಲ್ಲ. ಕೇಳುತ್ತಿರುವುದು ಪಾಲನೆಗೆ, ಒಂದೊಂದು ಗಿಡಕ್ಕೂ ಮೂರು ಬೇಸಿಗೆಯ ನೀರಿಗೆ.

ನೆಡುವುದು ರೆಂಜೆ, ಸುರಗಿ, ನೇರಳೆ, ಪುನರ್ಪುಳಿ, ಹೆಬ್ಬಲಸು, ಸಂಪಿಗೆ. ಅನಂತನಾಥ ಸ್ವಾಮಿಗೆ ಕೇವಲಜ್ಞಾನ, ಅಂದರೆ ಪರಿಪೂರ್ಣ ಜ್ಞಾನ, ಆದದ್ದು ಅಶ್ವತ್ಥದ ಕೆಳಗೆ ಎಂಬುದು ಜೈನ ನಂಬಿಕೆ. ದಂಡೆಯಿಂದ ತುಸು ದೂರದಲ್ಲಿ ಅದಕ್ಕೂ ಒಂದು ಜಾಗ ಮೀಸಲಿಟ್ಟಿದ್ದೇವೆ. ಕಾಂಕ್ರೀಟ್ ದಾರಿ, ಬಣ್ಣದ ದೀಪ, ಪ್ರಾಣಿಗಳ ಸಿಮೆಂಟ್ ಬೊಂಬೆ ಇಲ್ಲಿ ಬರುವುದಿಲ್ಲ. ದಯವಿಟ್ಟು ಅಂಥವುಗಳಿಗೆಂದು ಹಣ ಕಳುಹಿಸಬೇಡಿ. ತನ್ನ ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಕೂಗು ಕೇಳಿ ದಿಬ್ಬಣವನ್ನೇ ಬಿಟ್ಟು ಗಿರಿನಾರಿಗೆ ನಡೆದವನು ನೇಮಿನಾಥ. ಅವನಿರುವ ಕೆರೆಯ ಅಂಚಿನಲ್ಲಿ ಮಿಂಚುಳ್ಳಿ ಕೂರಲು ಒಂದು ಬಾಗಿದ ಕೊಂಬೆ, ಹುಂಡುಕೋಳಿ ಮರಿ ಮಾಡಲು ಒಂದು ಪೊದೆ ಇರಲಿ ಎಂಬುದೇ ನಮ್ಮ ಆಸೆ.

ಬೇಲಿ, ಸೆಗಣಿಗೊಬ್ಬರ, ಮೂರು ಬೇಸಿಗೆಯ ನೀರು ಸೇರಿ ಗಿಡವೊಂದಕ್ಕೆ 1,500 ರೂಪಾಯಿ ಎಂದು ಲೆಕ್ಕ ಹಾಕಿದ್ದೇವೆ. ಇದರಲ್ಲಿ ಹೆಚ್ಚಿನ ಪಾಲು ಫೆಬ್ರವರಿಯಿಂದ ಮೇ ತಿಂಗಳವರೆಗೆ ನೀರು ಹೊರುವವರ ಕೂಲಿ. ಹೂವು ಕೊಡಲಾಗದವರು ಎಸಳು ಕೊಟ್ಟರೂ ಸಂತೋಷ. ನೂರು ರೂಪಾಯಿಗೂ ರಶೀದಿ ಇದೆ. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿರುವ ನಮ್ಮೂರ ಮಕ್ಕಳು ತಂದೆ ತಾಯಿಯ ನೆನಪಿಗೆ ಒಂದು ಗಿಡದ ಪಾಲನೆ ವಹಿಸಿಕೊಳ್ಳಬಹುದು. ಆದರೆ ಗಿಡಕ್ಕೆ ಹೆಸರಿನ ಫಲಕ ತೂಗುಹಾಕುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ದಾನಿಗಳ ಹೆಸರು ಲೆಕ್ಕಪುಸ್ತಕದಲ್ಲಿರುತ್ತದೆ. ವರ್ಷಕ್ಕೊಮ್ಮೆ, ಮಳೆ ಶುರುವಾದ ಮೇಲೆ, ಎಷ್ಟು ಗಿಡ ಉಳಿಯಿತು, ಎಷ್ಟು ಸತ್ತಿತು ಎಂಬ ಲೆಕ್ಕವನ್ನು ಖರ್ಚಿನ ಲೆಕ್ಕದ ಜೊತೆಗೇ ಎಲ್ಲರಿಗೂ ಕಳುಹಿಸುತ್ತೇವೆ.

ಹಣ ಕೊಡಲಾಗದವರು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ದೋಣಿ ಕಟ್ಟುವ ಜಾಗಕ್ಕೆ ಬನ್ನಿ. ಕೊಡಪಾನಗಳು ನಮ್ಮಲ್ಲಿವೆ. ಬರುವಾಗ ಮನೆಯಲ್ಲಿ ಹಳೆಯ ಗೋಣಿಚೀಲವಿದ್ದರೆ ತನ್ನಿ, ಬುಡಕ್ಕೆ ಹಾಸಲು ಬೇಕು.

ವಿನಯಪೂರ್ವಕ,
ಕೆರೆದಂಡೆಯ ಕೆಲಸಕ್ಕೆ ಸೇರಿದ ಊರವರು, ವರಂಗ