ಮಸಿ ಕಳಿಸುವುದಿಲ್ಲ, ಕಣಿಲೆ ಕಳಿಸುತ್ತೇನೆ

ಪ್ರೀತಿಯ ಪುಟ್ಟೀ,

ಆಗಸ್ಟ್ 9ಕ್ಕೆ ಶಾಲೆಯಲ್ಲಿ ಆದಿವಾಸಿ ದಿನ ಉಂಟು, ನಿನಗೆ ನಮ್ಮ ಕಡೆಯ ಆದಿವಾಸಿಗಳಾದ ಕೊರಗರ ವೇಷ, ಮಾವಿನ ಸೊಪ್ಪು, ಮಸಿ ಎಲ್ಲ ಬೇಕು ಅಂದೆಯಲ್ಲ. ಸೊಪ್ಪೂ ಇಲ್ಲ, ಮಸಿಯೂ ಇಲ್ಲ. ಫೋನಿನಲ್ಲಿ ಹೇಳಿದರೆ "ಆಯ್ತಮ್ಮ" ಅಂತ ಇಟ್ಟುಬಿಡುತ್ತೀ, ಅದಕ್ಕೇ ಹಾಸ್ಟೆಲಿಗೆ ಬರೆಯುತ್ತಿದ್ದೇನೆ.

ಕೃಷ್ಣಾಷ್ಟಮಿಗೆ ಮೈಗೆಲ್ಲ ಮಸಿ ಬಳಿದು, ತಲೆಗೆ ಮುಟ್ಟಾಳೆ ಅಂದರೆ ಹಾಳೆಯ ಟೊಪ್ಪಿ ಇಟ್ಟು ಕೊರಗರ ವೇಷ ಹಾಕುವ ಚಾಳಿ ನಮ್ಮ ತುಳುನಾಡಿನಲ್ಲಿ ಬಹಳ ಕಾಲ ಇತ್ತು. ನೋಡಿದವರು ನಗಬೇಕು, ಅಷ್ಟೇ ಉದ್ದೇಶ. ಆ ಜನರನ್ನು ಊರು ನಡೆಸಿಕೊಂಡ ಬಗೆ ಗೊತ್ತಿದ್ದವರಿಗೆ ನಗು ಬರುವುದಿಲ್ಲ ಮಾರಾಯ್ತಿ. ಅಜಲು ಎಂಬ ಪದ್ಧತಿಯಲ್ಲಿ ಮನೆಯವರ ದೋಷ ಅವರಿಗೆ ದಾಟಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುತ್ತಿದ್ದರು. ನಮ್ಮ ಕಾಸರಗೋಡಿನ ಗಡಿಯಾಚೆ ಕರ್ನಾಟಕದಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಅಜ್ಜಂದಿರ ಕಾಲದ ಕತೆಯೇನಲ್ಲ.

ಕೊರಗ ಹೆಂಗಸರು ಸೊಪ್ಪು ಉಡುತ್ತಿದ್ದರೆಂದು ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಇದೆ, ಹೌದು. ನಿನ್ನ ಕ್ಲಾಸಿನ ಕೊರಗರ ಹುಡುಗಿಯ ಅಮ್ಮ ಏನು ಉಡುತ್ತಾರೆ? ಸೀರೆ. ನೀನು ಸೊಪ್ಪು ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿಯುವಾಗ ಆ ಹುಡುಗಿ ಎದುರಿನ ಸಾಲಲ್ಲಿ ಕೂತಿರುತ್ತಾಳೆ.

ಟೀಚರಿಗೆ ನಾನೇ ಫೋನ್ ಮಾಡುತ್ತೇನೆ, ಹೆದರಬೇಡ. ಅವರಿಗೆ ಕೆಟ್ಟ ಮನಸ್ಸೇನಿಲ್ಲ, ಎಲ್ಲ ಕಡೆ ಹೀಗೇ ಮಾಡುವುದನ್ನು ನೋಡಿ ಹೇಳಿದ್ದಾರೆ. ವೇಷದ ಬದಲು ಡೋಲು ಬಾರಿಸುವ ಕೊರಗರನ್ನೇ ಶಾಲೆಗೆ ಕರೆಸಿ, ಸಂಭಾವನೆ ಕೊಟ್ಟೇ ಕರೆಸಿ ಅನ್ನುತ್ತೇನೆ. ಅವರು ಕಾಡುಬಳ್ಳಿಯಲ್ಲಿ ಕುರುವೆ ಬುಟ್ಟಿ ಹೆಣೆಯುವುದನ್ನು ಎದುರೇ ಕೂತು ನೋಡಿದರೆ ಆ ಕೈಗಳ ಬೆಲೆ ಗೊತ್ತಾದೀತು. ಅಡಿಕೆ ತೋಟಕ್ಕೆಲ್ಲ ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಕೊಳ್ಳುವವರೇ ಕಮ್ಮಿ. ಇನ್ನು, ನಮ್ಮ ಜಿಲ್ಲೆಯಲ್ಲಿ ಕೊರಗರು ಮಾತ್ರ ಇರುವುದಲ್ಲ. ಮಾವಿಲರಿದ್ದಾರೆ, ಮಲವೇಟ್ಟುವರಿದ್ದಾರೆ, ಮನೆಯಲ್ಲಿ ಮರಾಠಿ ಆಡುವ ಮರಾಟಿಗಳಿದ್ದಾರೆ. ಎಲ್ಲರನ್ನೂ ಒಂದೇ ಸೊಪ್ಪಿನೊಳಗೆ ತುರುಕುವುದು ಯಾವ ನ್ಯಾಯ?

ಆ ದಿನ ನೀವು ಅಡುಗೆ ಮಾಡುವ ಸಂಗತಿ ಮಾತ್ರ ನನಗೆ ಖುಷಿ. ದಿನ ಗೊತ್ತುಮಾಡಿದ್ದು ವಿಶ್ವಸಂಸ್ಥೆ, ಆದರೆ ಅದು ಬಂದು ಬೀಳುವುದು ನಮ್ಮ ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ! ಗದ್ದೆ ಕೆಲಸ ನಿಂತು ಅಕ್ಕಿ ಮುಗಿಯುತ್ತಿದ್ದ ಆ ತಿಂಗಳಲ್ಲಿ ಹೊಟ್ಟೆ ಹೊರೆದದ್ದೇ ಕಾಡು: ತಜಂಕು ಸೊಪ್ಪು, ಕೆಸು, ಅಣಬೆ, ಕಾಡುಗೆಣಸು, ಎತ್ತಿಟ್ಟ ಹಲಸಿನ ಬೀಜ. ಯಾವುದು ತಿನ್ನಬಹುದು, ಯಾವುದು ವಿಷ ಎಂಬ ತಿಳಿವಳಿಕೆ ಕಾಡಿನ ಜೊತೆ ಬದುಕಿದವರದ್ದು. ಪತ್ರೊಡೆಯನ್ನು ಹೋಟೆಲಿನವರೂ ಮಾಡುತ್ತಾರೆ ಬಿಡು, ನೀವು ಕಣಿಲೆ ಮಾಡಿ. ಎಳೆ ಬಿದಿರನ್ನು ಹಾಗೇ ಬೇಯಿಸಿ ತಿಂದರೆ ಅಪಾಯ. ಸಣ್ಣಗೆ ಹೆಚ್ಚಿ ನೀರಲ್ಲಿ ಮುಳುಗಿಸಿಟ್ಟು, ದಿನಾ ಆ ನೀರು ಚೆಲ್ಲಿ ಹೊಸ ನೀರು ಹೊಯ್ಯಬೇಕು. ಮೂರು ದಿನ ಕಳೆದ ಮೇಲೆ ಚೆನ್ನಾಗಿ ಬೇಯಿಸಿ ಹೆಸರುಕಾಳಿನ ಜೊತೆ ಗಸಿ ಮಾಡಿದರೆ, ಆಹಾ.

ಹೆಚ್ಚಿ ನೆನೆಸಿದ್ದನ್ನೇ ಅಪ್ಪನ ಕೈಯಲ್ಲಿ 8ರಂದು ಕಳಿಸುತ್ತೇನೆ. ತೆಂಗಿನಕಾಯಿ ಅಲ್ಲೇ ಸಿಗುತ್ತದಾ, ಇಲ್ಲಿಂದಲೇ ಹಾಕಬೇಕಾ ಅಂತ ವಾರ್ಡನ್ ಹತ್ತಿರ ಕೇಳಿ ತಿಳಿಸು. ಆ ದಿನಕ್ಕೆ ನಿನ್ನ ಹಸಿರು ಲಂಗ ಸಾಕು.

ನಿನ್ನ,
ಅಮ್ಮ